ಮೈಗಳ್ಳ

ಮೇ ಒಂಬತ್ತರ ನಸುಕಿಗೆ ಮೈನಸ್ ನಾಲ್ಕು.
ಬಿಸಿಲು ಬೀಳುವಷ್ಟರಲ್ಲಿ ಫರ್ಗಾನಾ ಮೇಲಂಚಿನ ಅಕ್ರೋಟು ಕಾಡೆಲ್ಲ
ಕುದಿನೀರಲ್ಲಿ ಅದ್ದಿ ತೆಗೆದ ಸೊಪ್ಪು.
ಕೆಳಗೆ ಬಜಾರಿನಲ್ಲಿ ವಿಜಯದಿನದ ಬ್ಯಾಂಡು;
ಮೇಲೆ ನಾವಿಬ್ಬರು, ಹಮ್ರಾಕುಲ್ ಅತಾ ಮತ್ತು ನಾನು,
ಒಂದು ಡಬ್ಬಿ ಕೆಂಪು ಬಣ್ಣ, ಕೂದಲುದುರಿದ ಬ್ರಷ್ಷು,
ಉಳಿದವರ ಲೆಕ್ಕ ಬರೆಯಲು ಹೊರಟೆವು.

ಹಿಂದೆಲ್ಲ ಏಪ್ರಿಲ್ ಮುಗಿಯುವಾಗ ಮೈಮುರಿಯುತ್ತಿದ್ದ ಮರಗಳು
ಈಗ ಮಾರ್ಚಿಯ ಸುಳ್ಳು ಬಿಸಿಲಿಗೇ,
ಕದ ತಟ್ಟಿದವರು ಯಾರೆಂದು ನೋಡದೆ,
ಬರಿಗಾಲಲ್ಲಿ ಅಂಗಳಕ್ಕೆ ಓಡಿ ಬರುತ್ತವೆ.
"ಚಳಿ ಹಳೆಯದೇ ಮಗಳೇ," ಅತಾ ಅಂದರು,
"ಅವಸರ ಹೊಸದು."

ಇನ್ನೂರ ಹನ್ನೆರಡು ಮರ ನೋಡಿದೆವು. ಬ್ರಷ್ಷು ಇನ್ನೂ ಒಣಗಿಯೇ ಇತ್ತು.

ಮಧ್ಯಾಹ್ನ, ಮಸ್ತೂರಾಳ ಪಾಲಿನ ಕಾಡು. ಅಲ್ಲೊಂದು ಮರ
ಸುಟ್ಟೂ ಇಲ್ಲ, ಚಿಗುರೂ ಇಲ್ಲ;
ಜನವರಿಯಲ್ಲೇ ನಿಂತಿದೆ.
ಬುಡಕ್ಕೆ ಕೊಡಲಿ ಒರಗಿಸಿದೆ.
"ಮೈಗಳ್ಳ ಅದು! ನನ್ನತ್ತೆ ಇದನ್ನು ಬೈಯುತ್ತಲೇ ಮಣ್ಣಿಗೆ ಹೋದಳು.
ಊರಿಗೆಲ್ಲ ನೆರಳಾದ ಮೇಲೆ ಇದಕ್ಕೆ ಎಚ್ಚರ.
ಕಾಯಿ ಗೋಲಿಯಷ್ಟು, ಚಿಪ್ಪು ಒಡೆಯಲು ಸುತ್ತಿಗೆ,
ವ್ಯಾಪಾರಿ ಅರ್ಧ ಬೆಲೆಗೂ ಮೂತಿ ತಿರುಗಿಸುತ್ತಾನೆ.
ದಿಮ್ಮಿಯಾಗಿಯಾದರೂ ದುಡಿಯಲಿ."
ಅತಾ ಉಗುರಿನಿಂದ ತೊಗಟೆ ಗೀರಿದರು.
ಒಳಗೆ ಹಸಿರು, ಒದ್ದೆ, ನಿನ್ನೆಯ ರಾತ್ರಿ ಏನೆಂದೇ ಗೊತ್ತಿಲ್ಲದ ಹಸಿರು.
ನನ್ನ ಕೈಯಿಂದ ಬ್ರಷ್ಷು ಕಿತ್ತುಕೊಂಡು
ಎದೆಮಟ್ಟಕ್ಕೆ ಒಂದು ಉಂಗುರ ಬರೆದರು;
ಕಡಿಯದೆ ಬಿಟ್ಟರೆ ಎರಡು ಮೂಟೆ ಹಿಟ್ಟು ಎಂದು ಮಾತಾಯಿತು.

ಜೂನ್ ಬಂತು. ಮೈಗಳ್ಳ ಕಣ್ಣುಜ್ಜಿತು.
ಹೆಣ್ಣು ಹೂವು ಜೋಡಿ ನಾಲಿಗೆ ಚಾಚಿದಾಗ
ಕಾಡಿನಲ್ಲಿ ಗಂಡು ಧೂಳಿನ ಒಂದು ಕಣವೂ ಇಲ್ಲ.
ಅದಕ್ಕೇ ಅತಾರ ಮನೆಯ ಫ್ರಿಜ್ಜು:
ಕುರಿಮಾಂಸದ ಪಕ್ಕ ಸೀಸೆಯಲ್ಲಿ ಹೋದ ವರ್ಷದ ಪರಾಗ,
ತೊರೆಯ ಬದಿಯ ನಲವತ್ತೊಂದನೇ ಮರದ್ದು.
ಮಳೆ ಹಿಡಿದ ವರ್ಷ ಸುತ್ತಲ ಕಾಯೆಲ್ಲ
ಕಪ್ಪು ಕಲೆ ಹತ್ತಿ ಕೊಳೆತು ಉದುರಿದಾಗ
ದಿಬ್ಬಣಕ್ಕೆ ಹೊರಟಂತೆ ಮಡಿಯಾಗಿ ನಿಂತಿತ್ತು ಅದು.
ಏಣಿ, ಕಾಗದದ ಚೀಲ, ಸಿರಿಂಜು. ಒಂದೊಂದು ಹೂವಿಗೂ
ಒಂದು ಉಸಿರಿನಷ್ಟು ಹಳದಿ.
ಕೆಳಗಿನಿಂದ ಮಸ್ತೂರಾ: "ಇದೆಂಥ ಮದುವೆ, ಗಂಡು ಸೀಸೆಯಲ್ಲಿ!"

ಹದಿನೇಳು ಕಾಯಿ. ನಾಲ್ಕನ್ನು ಇಲಿ ಒಯ್ದಿತು.
ಮರಳಲ್ಲಿ ಚಳಿ ಕಳೆದು ಹನ್ನೊಂದು ಮೊಳೆತವು.
ಎರಡನೇ ಬೇಸಿಗೆ ನಾನೇ ಅವುಗಳ ಮೇಲೆ ರೋಗ ಎರಚಿದೆ,
ಕಾಯಿಲೆಯನ್ನು ಸಾಕಿ, ನೀರಲ್ಲಿ ಕಲಸಿ, ಎಲೆ ಎಲೆಗೆ.
ಆ ರಾತ್ರಿ ಊಟ ಸೇರಲಿಲ್ಲ; ಕೈ ಎಷ್ಟು ತೊಳೆದರೂ...
ಆರು ಕಪ್ಪಾದವು. ಕಿತ್ತೆ.
ಮೂರು ಮಾರ್ಚಿಯಲ್ಲೇ ಎದ್ದವು. ಕಿತ್ತೆ.
ಹೆಸರಿಟ್ಟಿರಲಿಲ್ಲ, ಪುಣ್ಯ.

ಉಳಿದೆರಡು ಕಾಯಿ ಬಿಡಲು ಇನ್ನೂ ಏಳೆಂಟು ವರ್ಷ.
ತಿರುಳು ಕಹಿಯೋ, ಚಿಪ್ಪು ಕಲ್ಲೋ, ಯಾರು ಬಲ್ಲರು.
ಅತಾರಿಗೆ ಎಪ್ಪತ್ತಾರು. ಇಲ್ಲಿಯವರ ಮಾತೊಂದಿದೆ:
ಅಕ್ರೋಟಿನ ಕಾಂಡ ನೆಟ್ಟವನ ಕುತ್ತಿಗೆಯಷ್ಟಾದ ದಿನ
ನೆಟ್ಟವನಿಗೆ ಕರೆ ಬರುತ್ತದೆ.
ಅವರು ಕಸಿ ಕಟ್ಟುವ ಪಟ್ಟಿಯಲ್ಲಿ ಕೊರಳಳೆದುಕೊಂಡರು:
"ನಲವತ್ತು ಸೆಂಟಿಮೀಟರು. ಬೆಣ್ಣೆ ತಿಂದು ಇನ್ನೆರಡು ಸೇರಿಸಬೇಕು."

ಈ ಮಾರ್ಚಿ ಮತ್ತೆ ಸೆಕೆ. ಕಾಡೆಲ್ಲ ಗುಸುಗುಸು.
ಮಸ್ತೂರಾ ಮೊಮ್ಮಗನನ್ನು ಕರೆತಂದಿದ್ದಳು,
ದಾರಿಯುದ್ದಕ್ಕೂ ಅವನ ಬಾಯಲ್ಲಿ ತಗಡಿನ ಪೀಪಿ.
ಸಸಿಗಳ ಸಾಲು ಬರುತ್ತಲೇ
ಅದನ್ನು ಕಸಿದು ಜೇಬಿಗಿಳಿಸಿದಳು, ಬೆರಳು ತುಟಿಗೆ:
"ಶ್... ಮೈಗಳ್ಳನ ಮಗು ಮಲಗಿದೆ."